ಹೊಟ್ಟೆಯೋ, ಜಠರವೋ? ದೇಹದ ಭಾಗಗಳನ್ನು ಕಲಿಸುವಾಗ ಪದದ ಆಯ್ಕೆ

ಬೋಧನಾಭ್ಯಾಸದ ಎರಡನೆಯ ವಾರ. ಎನ್.ಆರ್. ಕಾಲೋನಿಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಏಳನೆಯ ತರಗತಿಗೆ ‘ಪ್ರಾಣಿಗಳಲ್ಲಿ ಪೋಷಣೆ’ ಪಾಠ ತೆಗೆದುಕೊಂಡಿದ್ದೆ. ತಿಳಿದುದರಿಂದ ತಿಳಿಯದುದರ ಕಡೆಗೆ ಸಾಗಬೇಕೆಂದು ನಾವೆಲ್ಲ ಮೊದಲ ಸೆಮಿಸ್ಟರಿನಲ್ಲೇ ಕಲಿತಿದ್ದೇವೆ. ಪಾಠಯೋಜನೆಯಲ್ಲಿ ಅದನ್ನೇ ಬರೆದುಕೊಂಡು ಹೋಗಿದ್ದೆ. ಜೀರ್ಣಾಂಗಗಳ ಚಾರ್ಟ್ ತೂಗುಹಾಕಿ, “ಮಕ್ಕಳೇ, ನಾವು ದಿನಾ ಹೊಟ್ಟೆ ಅಂತೀವಲ್ಲ, ಅದನ್ನೇ ವಿಜ್ಞಾನದಲ್ಲಿ ಜಠರ ಅಂತಾರೆ” ಎಂದು ಹೇಳಿ ಕಪ್ಪುಹಲಗೆಯ ಮೇಲೆ ದೊಡ್ಡದಾಗಿ ‘ಹೊಟ್ಟೆ = ಜಠರ’ ಎಂದು ಬರೆದೆ. ಮಕ್ಕಳು ಬರೆದುಕೊಂಡರು. ಜಠರದ ಒಳಗೋಡೆ ಹೈಡ್ರೋಕ್ಲೋರಿಕ್ ಆಮ್ಲವನ್ನು ಸ್ರವಿಸುತ್ತದೆ, ಆಹಾರದ ಜೊತೆ ಒಳಬಂದ ಬ್ಯಾಕ್ಟೀರಿಯಾಗಳನ್ನು ಅದು ಕೊಲ್ಲುತ್ತದೆ ಎಂದು ಮುಂದುವರಿಸಿದೆ.

ಮೂರನೆಯ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. “ಮಿಸ್, ನಮ್ಮಮ್ಮನ ಹೊಟ್ಟೇಲಿ ಪಾಪು ಇದೆ. ಅದಕ್ಕೆ ಆಸಿಡ್ ತಾಗಲ್ವಾ?”

ಯಾರೂ ನಗಲಿಲ್ಲ. ಅವನು ತಮಾಷೆಗೆ ಕೇಳಿರಲಿಲ್ಲ, ಮುಖದಲ್ಲಿ ನಿಜವಾದ ಹೆದರಿಕೆಯಿತ್ತು. ನಾನು ತಡವರಿಸಿ, “ಅದು ಬೇರೆ ಕಣೋ, ಮುಂದಿನ ತರಗತೀಲಿ ಕಲೀತೀಯ, ಕೂತ್ಕೋ” ಎಂದೆ. ಅವನು ಕೂತ. ಹಲಗೆಯ ಮೇಲೆ ‘ಹೊಟ್ಟೆ = ಜಠರ’ ಹಾಗೆಯೇ ಉಳಿಯಿತು.

ಅದೇ ವಾರ ಇನ್ನೊಂದು ಪ್ರಸಂಗ ನಡೆಯಿತು. ಅದೇ ತರಗತಿಯ ಹುಡುಗಿಯೊಬ್ಬಳು ಡೆಸ್ಕಿನ ಮೇಲೆ ತಲೆಯಿಟ್ಟು ಮಲಗಿದ್ದಳು. ಕೇಳಿದರೆ “ಹೊಟ್ಟೆನೋವು ಮಿಸ್” ಎಂದಳು. ಬೆಳಿಗ್ಗೆ ಏನು ತಿಂದೆ, ಹೊರಗೆ ಏನಾದರೂ ತಿಂದೆಯಾ, ನೀರು ಕುಡಿದೆಯಾ ಎಂದು ನಾನು ಒಂದೇ ಸಮನೆ ಕೇಳುತ್ತಾ ಹೋದೆ. ಅವಳು ಎಲ್ಲಕ್ಕೂ ತಲೆಯಾಡಿಸಿದಳು. ಕೊನೆಗೆ ಪಕ್ಕದಲ್ಲಿದ್ದ ಗೆಳತಿ ನನ್ನ ಕಿವಿಯ ಹತ್ತಿರ ಬಂದು, “ಆ ಹೊಟ್ಟೆ ಅಲ್ಲ ಮಿಸ್” ಎಂದಳು. ಆ ಹುಡುಗಿಗೆ ಮೊದಲ ಸಲ ಮುಟ್ಟಾಗಿತ್ತು. ಒಂದು ಪೀರಿಯಡ್ ಪೂರ್ತಿ ಅವಳು ನೋವಿನಲ್ಲೇ ಕೂತಿದ್ದಳು, ನಾನು ತಿಂಡಿಯ ವಿಚಾರಣೆ ನಡೆಸಿದ್ದೆ.

ಎರಡು ಪ್ರಸಂಗಗಳಲ್ಲೂ ಎಡವಿಸಿದ್ದು ಒಂದೇ ಪದ. ನನ್ನ ಪಾಠದಲ್ಲಿ ವಿಷಯದ ತಪ್ಪಿರಲಿಲ್ಲ, ತಪ್ಪಿದ್ದದ್ದು ನಾನು ಹಾಕಿದ ಸಮಚಿಹ್ನೆಯಲ್ಲಿ. ಅದನ್ನು ಸರಿಪಡಿಸಿಕೊಳ್ಳಲು ನಾನು ಓದಿದ್ದನ್ನೂ, ಮತ್ತೊಮ್ಮೆ ಪಾಠ ಮಾಡಿದಾಗ ಕಂಡದ್ದನ್ನೂ ಸಹಪಾಠಿಗಳೊಂದಿಗೆ ಹಂಚಿಕೊಳ್ಳುವುದು ಈ ಲೇಖನದ ಉದ್ದೇಶ.

ಸಮಚಿಹ್ನೆ ಏಕೆ ಸುಳ್ಳು ಹೇಳುತ್ತದೆ

ಮನೆಮಾತಿನ ‘ಹೊಟ್ಟೆ’ ಒಂದು ಅಂಗದ ಹೆಸರಲ್ಲ, ಒಂದು ಪ್ರದೇಶದ ಹೆಸರು. ಪಕ್ಕೆಲುಬಿನ ಕೆಳಗಿನಿಂದ ತೊಡೆಯ ಸಂದಿಯವರೆಗೆ ಮುಂಭಾಗದಲ್ಲಿ ಇರುವುದೆಲ್ಲ ಹೊಟ್ಟೆ. ಅನ್ನ ಹೋಗುವುದೂ ಹೊಟ್ಟೆಗೆ, ಮಗು ಬೆಳೆಯುವುದೂ ಹೊಟ್ಟೆಯಲ್ಲಿ. ಸಾಲದ್ದಕ್ಕೆ ಹೊಟ್ಟೆಪಾಡು, ಹೊಟ್ಟೆಕಿಚ್ಚುಗಳೂ ಇವೆ. ಪಠ್ಯಪುಸ್ತಕದ ‘ಜಠರ’ವಾದರೋ ಆ ಪ್ರದೇಶದೊಳಗಿನ ಒಂದೇ ಒಂದು ಸ್ನಾಯುವಿನ ಚೀಲ. ಜಠರ ಹೊಟ್ಟೆಯೊಳಗಿದೆ ಎಂದರೆ ಸರಿ, ಹೊಟ್ಟೆಯೇ ಜಠರ ಎಂದರೆ ತಪ್ಪು. ಬಸವನಗುಡಿ ಬೆಂಗಳೂರಿನಲ್ಲಿದೆ ಎನ್ನುವುದಕ್ಕೂ ಬಸವನಗುಡಿಯೇ ಬೆಂಗಳೂರು ಎನ್ನುವುದಕ್ಕೂ ಇರುವಷ್ಟು ವ್ಯತ್ಯಾಸ ಇಲ್ಲಿದೆ.

ಕುತೂಹಲದ ಸಂಗತಿಯೆಂದರೆ ಸಂಸ್ಕೃತದಲ್ಲಿ ‘ಜಠರ’ ಪದವೂ ಮೊದಲು ಇಷ್ಟು ನಿಖರವಾಗಿರಲಿಲ್ಲ. ಅಲ್ಲಿ ಅದು ಹೊಟ್ಟೆಯೂ ಹೌದು, ತಾಯಿಯ ಗರ್ಭವೂ ಹೌದು. ಆಧುನಿಕ ವಿಜ್ಞಾನದ ಪಾಠಕ್ಕಾಗಿ ನಾವು ಅದರ ಸುತ್ತ ಗೆರೆ ಎಳೆದು, ಇಷ್ಟಕ್ಕೆ ಮಾತ್ರ ಜಠರ ಎಂದು ಒಪ್ಪಿಕೊಂಡಿದ್ದೇವೆ. ಪುಸ್ತಕದ ಪದ ಹುಟ್ಟಿನಿಂದ ನಿಖರವಲ್ಲ, ಒಪ್ಪಂದದಿಂದ ನಿಖರ. ಆ ಒಪ್ಪಂದವನ್ನು ಮಗುವಿಗೆ ತೋರಿಸದೆ ಪದವನ್ನಷ್ಟೇ ಕೊಟ್ಟರೆ ಮಗು ಹಳೆಯ ಅರ್ಥವನ್ನೇ ಹೊಸ ಪದಕ್ಕೆ ತುಂಬಿಕೊಳ್ಳುತ್ತದೆ. ನನ್ನ ಮೂರನೆಯ ಬೆಂಚಿನ ಹುಡುಗ ಮಾಡಿದ್ದು ಅದನ್ನೇ. ಅವನ ತರ್ಕದಲ್ಲಿ ಒಂದು ಕೊರತೆಯೂ ಇರಲಿಲ್ಲ.

ಇಂಥ ಪದಗಳು ಇನ್ನೂ ಹಲವು. ‘ನರ’ವನ್ನು ನೋಡಿ. ಅಜ್ಜಿಯ ಕೈಮೇಲೆ ಉಬ್ಬಿ ಕಾಣುವ ಹಸಿರು ಗೆರೆಗಳನ್ನು ಮನೆಯಲ್ಲಿ ನರ ಎನ್ನುತ್ತಾರೆ. ಪಾಠದಲ್ಲಿ ಅವು ಅಭಿಧಮನಿಗಳು, ಅಂದರೆ ರಕ್ತನಾಳಗಳು. ಪಾಠದ ‘ನರ’ ಮಿದುಳಿನ ಸಂದೇಶ ಒಯ್ಯುವ ತಂತು, ಅದು ಚರ್ಮದ ಮೇಲಿಂದ ಹಾಗೆ ಕಾಣುವುದಿಲ್ಲ. ನರಮಂಡಲದ ಪಾಠದಲ್ಲಿ ಮಗು ತನ್ನ ಮುಂಗೈಯನ್ನು ತೋರಿಸಿ “ಇಲ್ಲಿ ಕಾಣುತ್ತೆ ಮಿಸ್” ಎಂದರೆ ಅದು ಗಮನ ಕೊಡದ ಮಗುವಲ್ಲ, ಮನೆಮಾತನ್ನು ಚೆನ್ನಾಗಿ ಬಲ್ಲ ಮಗು. ‘ಎದೆಯುರಿ’ ಎನ್ನುತ್ತೇವೆ. ಅದು ಜಠರದ ಆಮ್ಲ ಅನ್ನನಾಳಕ್ಕೆ ಮರಳಿ ಬಂದಾಗ ಆಗುವ ಉರಿ, ಹೃದಯಕ್ಕೆ ಸಂಬಂಧವಿಲ್ಲ. ‘ಹೆತ್ತ ಕರುಳು’ ಎನ್ನುತ್ತೇವೆ. ಪಾಠದ ಕರುಳಿಗೂ ಹೆರಿಗೆಗೂ ಸಂಬಂಧವಿಲ್ಲ. ಮಾತಿನಲ್ಲಿ ಇವು ಸರಿ ಮತ್ತು ಸುಂದರ. ಸಮಚಿಹ್ನೆ ಹಾಕಿದಾಗ ಮಾತ್ರ ತೊಡಕು.

ಮನೆಮಾತು ಒರಟಲ್ಲ

ಇದನ್ನೆಲ್ಲ ನೋಡಿ ಮನೆಮಾತು ಅಸ್ಪಷ್ಟ, ಪುಸ್ತಕದ ಮಾತು ಸ್ಪಷ್ಟ ಎಂಬ ತೀರ್ಮಾನಕ್ಕೆ ನಾನೂ ಬಂದಿದ್ದೆ. ಅದನ್ನು ಬದಲಿಸಿದ್ದು ನನ್ನ ಮಾರ್ಗದರ್ಶಕ ಅಧ್ಯಾಪಕಿ ಕೇಳಿದ ಒಂದು ಪ್ರಶ್ನೆ. ಆ ಹುಡುಗಿಯ ನೋವಿನ ಜಾಗಕ್ಕೆ ಕನ್ನಡದಲ್ಲಿ ಪದವೇ ಇಲ್ಲವೇ ಎಂದರು. ಇದೆ: ಕಿಬ್ಬೊಟ್ಟೆ. ಕೀಳ್ ಎಂದರೆ ಕೆಳಗೆ, ಕೆಳಗಿನ ಹೊಟ್ಟೆ. ನಮ್ಮ ಅಜ್ಜಿ ದಿನವೂ ಬಳಸುವ ಈ ಪದ ನನ್ನ ಪಾಠಯೋಜನೆಯ ಯಾವ ಪುಟದಲ್ಲೂ ಇರಲಿಲ್ಲ.

ಹುಡುಕುತ್ತಾ ಹೋದರೆ ಇಂಥವು ಸಾಲುಗಟ್ಟಿ ನಿಲ್ಲುತ್ತವೆ. ಕನ್ನಡದಲ್ಲಿ ಹೆಗಲಿನಿಂದ ಬೆರಳ ತುದಿಯವರೆಗೆ ಎಲ್ಲವೂ ‘ಕೈ’. “ಕೈ ಮುರಿಯಿತು” ಎಂದರೆ ಎಲ್ಲಿ ಮುರಿಯಿತೆಂದು ತಿಳಿಯದು. ಆದರೆ ಅದೇ ಕೈಯನ್ನು ಬೇಕಾದಾಗ ರಟ್ಟೆ, ಮೊಣಕೈ, ಮುಂಗೈ, ಮಣಿಕಟ್ಟು, ಅಂಗೈ ಎಂದು ಬಿಡಿಸುತ್ತೇವೆ. ‘ಕಾಲು’ ಸೊಂಟದಿಂದ ನೆಲದವರೆಗೆ, “ಕಾಲು ತೊಳ್ಕೋ” ಎಂದಾಗ ಮಾತ್ರ ಪಾದ. ಬಿಡಿಸಿದರೆ ತೊಡೆ, ಮೊಣಕಾಲು, ಮೀನಖಂಡ, ಹಿಮ್ಮಡಿ, ಅಂಗಾಲು. ಕೊರಳು, ಕುತ್ತಿಗೆ, ಗಂಟಲುಗಳ ನಡುವೆಯೂ ಹಂಚಿಕೆಯಿದೆ: ಸರ ಹಾಕುವುದು ಕೊರಳಿಗೆ, ಉಳುಕುವುದು ಕುತ್ತಿಗೆ, ಕಟ್ಟುವುದು ಗಂಟಲು. ಒಳಗಿನ ಕೊಳವೆಗಳಿಗೆ ಸಂಬಂಧಿಸಿದ್ದು ಗಂಟಲು, ಹೊರಗಿನ ಆಕಾರಕ್ಕೆ ಸಂಬಂಧಿಸಿದ್ದು ಕುತ್ತಿಗೆ ಎಂಬುದನ್ನು ಯಾವ ಮಗುವಿಗೂ ಹೇಳಿಕೊಡಬೇಕಾಗಿಲ್ಲ.

ಇದು ನಮ್ಮ ಭಾಷೆಯೊಂದರ ವಿಚಿತ್ರವಲ್ಲ. ಭಾಷಾವಿಜ್ಞಾನಿ ಸೆಸಿಲ್ ಬ್ರೌನ್ ಅವರು ಜಗತ್ತಿನ 617 ಭಾಷೆಗಳನ್ನು ಹೋಲಿಸಿ ನೋಡಿದಾಗ 228 ಭಾಷೆಗಳಲ್ಲಿ ತೋಳಿಗೂ ಹಸ್ತಕ್ಕೂ ಒಂದೇ ಪದವಿತ್ತು, ಉಳಿದ 389ರಲ್ಲಿ ಬೇರೆ ಬೇರೆ ಪದಗಳಿದ್ದವು. ಪದವಿಯಲ್ಲಿ ನನ್ನ ಜೊತೆ ಓದಿದ ಗೆಳತಿಯೊಬ್ಬಳು ಕೆಲಸದ ಸಲುವಾಗಿ ಸ್ಪ್ಯಾನಿಷ್ ಕಲಿಯುತ್ತಿದ್ದಾಳೆ. ಅವಳ ಮೊದಲ ತಿಂಗಳ ಗೋಳು ಪೂರ್ತಿ ದೇಹದ ಭಾಗಗಳದ್ದೇ. ಸ್ಪ್ಯಾನಿಷ್‌ನಲ್ಲಿ ತೋಳು ‘ಬ್ರಾಸೊ’, ಹಸ್ತ ‘ಮಾನೊ’. ಕನ್ನಡದ ‘ಕೈ’ಯನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತಾಡಿದರೆ ಪ್ರತಿ ಸಲವೂ ಆರಿಸಬೇಕು. ಕಾಲಿಗೂ ಹಾಗೆಯೇ, ‘ಪಿಯೆರ್ನ’ ಬೇರೆ, ಪಾದಕ್ಕೆ ‘ಪಿಯೆ’ ಬೇರೆ. ಪ್ರಾಣಿಯ ಕಾಲಾದರೆ ‘ಪಾತ’. ಆದರೆ ಕೈಬೆರಳಿಗೂ ಕಾಲ್ಬೆರಳಿಗೂ ನಮ್ಮಂತೆಯೇ ಒಂದೇ ಪದ, ‘ದೇದೊ’. ಇಂಗ್ಲಿಷಿನಲ್ಲಿ ಕಲಿತ ಎರಡು ಪದಗಳು ಅಲ್ಲಿ ಅವಳ ನೆರವಿಗೆ ಬರಲಿಲ್ಲ, ಕನ್ನಡದ ‘ಬೆರಳು’ ಬಂತು.

ಹೊಟ್ಟೆಯ ವಿಷಯದಲ್ಲಿ ಸ್ಪ್ಯಾನಿಷ್ ನಮ್ಮಷ್ಟೇ ಗೊಂದಲದ ಊರು. ಮನೆಯ ಹೊಟ್ಟೆ ‘ಬರ್ರೀಗ’, ಜಠರ ‘ಎಸ್ತೋಮಗೊ’, ಹೊಟ್ಟೆಯನ್ನೂ ತಾಯಿಯ ಗರ್ಭವನ್ನೂ ಸೂಚಿಸುವ ‘ಬಿಯೆಂತ್ರೆ’ ಮೂರನೆಯದು. ವಾಕ್ಯದ ಕಟ್ಟಿನಲ್ಲಂತೂ ಸ್ಪ್ಯಾನಿಷ್ ನಮಗೆ ನೆಂಟ. ಇಂಗ್ಲಿಷಿನವರು ನೋಯುವ ತಲೆ, ತೊಳೆಯುವ ಕೈ ಪ್ರತಿಯೊಂದಕ್ಕೂ ‘ನನ್ನ’, ‘ಅವನ’ ಎಂದು ಸೇರಿಸಲೇಬೇಕು. ಸ್ಪ್ಯಾನಿಷ್‌ನಲ್ಲಿ ‘ಮೆ ದ್ವೇಲೆ ಲಾ ಕಬೇಸ’, ನಮ್ಮಲ್ಲಿ ‘ನನಗೆ ತಲೆ ನೋಯುತ್ತಿದೆ’. ಎರಡರಲ್ಲೂ ನೋವು ಆಗುವುದು ‘ನನಗೆ’, ತಲೆ ಯಾರದೆಂದು ಬೇರೆ ಹೇಳಬೇಕಾಗಿಲ್ಲ. ಕೈ ತೊಳೆದುಕೊಂಡ ಎನ್ನುವಲ್ಲಿ ನಮ್ಮ ‘ಕೊಳ್ಳು’ ಮಾಡುವ ಕೆಲಸವನ್ನು ಅವರ ಪುಟ್ಟ ‘ಸೆ’ ಮಾಡುತ್ತದೆ. ಗೆಳತಿಗೆ ಇದನ್ನು ತೋರಿಸಿಕೊಟ್ಟಾಗ ಅವಳಿಗೆ ಆದ ಸಮಾಧಾನವನ್ನು ನೋಡಿ ನನಗೆ ಒಂದು ವಿಷಯ ಹೊಳೆಯಿತು. ಹೊಸ ಪದಗಳನ್ನು ಕಲಿಯುವವರಿಗೆ ಪಟ್ಟಿಗಿಂತ ಗಡಿ ಮುಖ್ಯ. ಈ ಪದ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂಬುದನ್ನು ಅವರು ಮೊದಲು ತಿಳಿಯಬೇಕು. ಏಳನೆಯ ತರಗತಿಯ ಮಗುವಿಗೆ ವಿಜ್ಞಾನದ ಕನ್ನಡವೂ ಹೊಸ ಭಾಷೆಯೇ.

ಪುಸ್ತಕದ ಪದಗಳನ್ನು ಬಿಡಿಸಿ ತೋರಿಸುವುದು

ಕನ್ನಡದಲ್ಲಿ ವಿಜ್ಞಾನ ಹೇಳಬೇಕೆಂಬ ಪ್ರಯತ್ನಕ್ಕೆ ನೂರು ವರ್ಷ ದಾಟಿದೆ. ನಮ್ಮ ನೆರೆಯ ಚಾಮರಾಜಪೇಟೆಯಲ್ಲಿರುವ ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿದ್ದು 1915ರಲ್ಲಿ. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರು ಗೆಳೆಯರೊಡನೆ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನೇ ಹೊರತಂದರು. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟು 1946ರಲ್ಲಿ ಬಂತು. ಕೇಂದ್ರ ಸರ್ಕಾರದ ವೈಜ್ಞಾನಿಕ ಮತ್ತು ತಾಂತ್ರಿಕ ಪರಿಭಾಷಾ ಆಯೋಗ 1961ರಲ್ಲಿ ಆರಂಭವಾಯಿತು. ಪಾರಿಭಾಷಿಕ ಪದ ಕಟ್ಟುವವರು ಹೆಚ್ಚಾಗಿ ಸಂಸ್ಕೃತದ ಮೊರೆ ಹೋದರು. ಭಾರತೀಯ ಭಾಷೆಗಳ ನಡುವೆ ಹೊಂದಾಣಿಕೆಯಿರಲಿ ಎಂಬುದು ಒಂದು ಕಾರಣ, ಒಂದೇ ಧಾತುವಿನಿಂದ ಪದಗಳ ಕುಟುಂಬವನ್ನೇ ಕಟ್ಟಬಹುದು ಎಂಬುದು ಇನ್ನೊಂದು.

ಆ ಕುಟುಂಬವನ್ನು ನಾವು ಮಕ್ಕಳಿಗೆ ಪರಿಚಯಿಸುವುದೇ ಇಲ್ಲ, ಒಬ್ಬೊಬ್ಬರನ್ನೇ ಉರುಹೊಡೆಸುತ್ತೇವೆ. ನಾನು ಕೊಟ್ಟ ಕಿರುಪರೀಕ್ಷೆಯಲ್ಲಿ ಹಲವರು ‘ಪಿತ್ತರಸವನ್ನು ಪಿತ್ತಕೋಶ ಉತ್ಪಾದಿಸುತ್ತದೆ’ ಎಂದು ಬರೆದಿದ್ದರು. ಪಿತ್ತರಸ ಉತ್ಪತ್ತಿಯಾಗುವುದು ಪಿತ್ತಜನಕಾಂಗದಲ್ಲಿ, ಪಿತ್ತಕೋಶ ಅದನ್ನು ಕೂಡಿಡುವ ಚೀಲ. ಪದವನ್ನು ಬಿಡಿಸಿದರೆ ಉತ್ತರ ಅದರೊಳಗೇ ಇದೆ. ಜನಕ ಎಂದರೆ ಹುಟ್ಟಿಸುವುದು, ಕೋಶ ಎಂದರೆ ಕೂಡಿಡುವ ಜಾಗ. ಶಬ್ದಗಳನ್ನು ಕೂಡಿಟ್ಟರೆ ಶಬ್ದಕೋಶ, ಮೂತ್ರ ಕೂಡಿದರೆ ಮೂತ್ರಕೋಶ, ಮಗು ಬೆಳೆಯುವ ಚೀಲ ಗರ್ಭಕೋಶ. ‘ನಾಳ’ ಬಂದರೆ ಕೊಳವೆ: ಅನ್ನನಾಳ, ಶ್ವಾಸನಾಳ, ರಕ್ತನಾಳ, ಮೂತ್ರನಾಳ. ‘ಆಶಯ’ ಬಂದರೆ ನೆಲೆ: ಅಂಡಾಶಯ, ಗರ್ಭಾಶಯ. ‘ಗ್ರಂಥಿ’ ಬಂದರೆ ಏನನ್ನೋ ಸ್ರವಿಸುತ್ತದೆ: ಮೇದೋಜೀರಕ ಗ್ರಂಥಿ, ಲಾಲಾಗ್ರಂಥಿ. ಈ ಐದಾರು ತುಣುಕುಗಳನ್ನು ಹಲಗೆಯ ಮೂಲೆಯಲ್ಲಿ ಬರೆದಿಟ್ಟ ಮೇಲೆ, ಹೊಸ ಪದ ಬಂದಾಗಲೆಲ್ಲ ಮಕ್ಕಳೇ ಊಹಿಸತೊಡಗಿದರು.

ಒಂದು ಎಚ್ಚರಿಕೆ ಅಗತ್ಯ. ಈ ಕೀಲಿ ಎಲ್ಲ ಬೀಗಕ್ಕೂ ಹೊಂದುವುದಿಲ್ಲ. ‘ಜೀವಕೋಶ’ದಲ್ಲಿ ಯಾರೂ ಜೀವವನ್ನು ಕೂಡಿಟ್ಟಿಲ್ಲ, ಅದು ಜೀವಿಯ ಮೂಲ ಘಟಕ. ಒಂದೇ ಅಂಗಕ್ಕೆ ಎರಡು ಮೂರು ಹೆಸರುಗಳೂ ಚಾಲ್ತಿಯಲ್ಲಿವೆ. ಪಿತ್ತಜನಕಾಂಗವೇ ಯಕೃತ್ತು, ಆಸ್ಪತ್ರೆಯಲ್ಲಿ ಅದು ಲಿವರ್. ಮೂತ್ರಪಿಂಡಕ್ಕೆ ಕಿಡ್ನಿ ಎನ್ನದವರು ಯಾರಿದ್ದಾರೆ? ಮಗು ಕಿಡ್ನಿ ಎಂದರೆ ತಿದ್ದುವ ಬದಲು ಅದನ್ನೂ ಸಾಲಿನಲ್ಲಿ ಸೇರಿಸಿಕೊಳ್ಳುವುದು ಲೇಸು. ನಾಳೆ ಅಪ್ಪನ ಸ್ಕ್ಯಾನಿಂಗ್ ವರದಿ ಓದುವಾಗ ಆ ಮಗುವಿಗೆ ಮೂರೂ ಬೇಕಾಗುತ್ತವೆ.

ಒಂದು ತರಗತಿ, ಹಲವು ಕನ್ನಡ

ಎನ್.ಆರ್. ಕಾಲೋನಿ ಎಂದರೆ ಹಳೆಯ ಮೈಸೂರಿನ ಕನ್ನಡ ಎಂದುಕೊಂಡು ನಾನು ತರಗತಿಗೆ ಹೋಗಿದ್ದೆ. ಇಂದು ಅಲ್ಲಿನ ಕನ್ನಡ ಮಾಧ್ಯಮದ ಬೆಂಚುಗಳಲ್ಲಿ ಬಾಗಲಕೋಟೆ, ರಾಯಚೂರು ಕಡೆಯಿಂದ ಬಂದ ಮನೆಗಳ ಮಕ್ಕಳಿದ್ದಾರೆ. ಮನೆಯಲ್ಲಿ ತಮಿಳು, ತೆಲುಗು, ಉರ್ದು ಆಡುವವರೂ ಇದ್ದಾರೆ. ಆಟದ ಪೀರಿಯಡ್‌ನಲ್ಲಿ ಬಿದ್ದ ಹುಡುಗನೊಬ್ಬ “ಡುಬ್ಬ ನೋಯಾಕತ್ತೈತ್ರಿ ಮಿಸ್” ಎಂದಾಗ ಉಳಿದವರು ಬಿದ್ದು ಬಿದ್ದು ನಕ್ಕರು. ಅವರಿಗೆ ಡುಬ್ಬ ಎಂದರೆ ಒಂಟೆಯದು, ಇಲ್ಲವೇ ಪಕ್ಕದ ದೊಡ್ಡ ಬಸವಣ್ಣನದು. ಉತ್ತರ ಕರ್ನಾಟಕದ ಹಲವು ಕಡೆ ಡುಬ್ಬ ಎಂದರೆ ಬೆನ್ನು, ಟೊಂಕ ಎಂದರೆ ಸೊಂಟ. ನಕ್ಕದ್ದರ ಫಲ, ಆ ಹುಡುಗ ಆಮೇಲೆ ವಾರವಿಡೀ ಬಾಯಿ ಬಿಡಲಿಲ್ಲ.

ಮರುದಿನ ನಾನು ಎಲುಬಿನ ಮಾತೆತ್ತಿದೆ. ನಮ್ಮ ಕಡೆ ಮೂಳೆ, ಅವನ ಕಡೆ ಎಲುಬು. “ಎಲುಬು ಅನ್ನೋದು ನಮ್ಮ ಕಡೆ ಇಲ್ಲ ಅಂತೀರಲ್ಲ, ಬೆನ್ನಿನ ಮೂಳೆಗೆ ಏನಂತೀರ?” ಎಂದು ಕೇಳಿದೆ. “ಬೆನ್ನೆಲುಬು” ಎಂದರು. “ಪಕ್ಕೆಯದಕ್ಕೆ?” “ಪಕ್ಕೆಲುಬು.” ಹೇಳಿದ ಮೇಲೆ ಅವರಿಗೇ ನಗು ಬಂತು. ಆ ಹುಡುಗನೂ ನಕ್ಕ. ‘ಗಲ್ಲ’ವೂ ಹೀಗೆಯೇ, ಕೆಲವರಿಗೆ ಕೆನ್ನೆ, ಕೆಲವರಿಗೆ ಗದ್ದ. ತಮಿಳಿನ ಮನೆಯ ಹುಡುಗಿಯೊಬ್ಬಳು ಲಿವರಿಗೆ ‘ಕಲ್ಲೀರಲ್’, ಶ್ವಾಸಕೋಶಕ್ಕೆ ‘ನುರೈಯೀರಲ್’ ಎಂದು ಹೇಳಿ, ನುರೈ ಎಂದರೆ ನೊರೆ ಎಂದು ವಿವರಿಸಿದಳು. ಶ್ವಾಸಕೋಶದೊಳಗಿನ ಗಾಳಿಗೂಡುಗಳನ್ನು ವಿವರಿಸಲು ನನಗೆ ಅದಕ್ಕಿಂತ ಒಳ್ಳೆಯ ಪೀಠಿಕೆ ಸಿಗುತ್ತಿರಲಿಲ್ಲ.

ನಾನು ಸಸ್ಯಾಹಾರಿ ಮನೆಯವಳು. ಅಂಗಗಳನ್ನು ಕಂಡದ್ದು ಚಿತ್ರದಲ್ಲಿ, ಆಮೇಲೆ ಬಿ.ಎಸ್ಸಿ. ಪ್ರಯೋಗಶಾಲೆಯಲ್ಲಿ. ಮಟನ್ ಅಂಗಡಿಯಲ್ಲಿ ಅಪ್ಪನಿಗೆ ನೆರವಾಗುವ ಹುಡುಗನೊಬ್ಬ ಬೋಟಿ, ಗುಂಡಿಗೆ, ಲಿವರ್‌ಗಳನ್ನು ದಿನವೂ ಕಾಣುತ್ತಾನೆ. ಬೋಟಿ ಎಂದರೆ ಕರುಳು. “ಅದು ಎಳೆದ್ರೆ ಬರ್ತಾನೇ ಇರುತ್ತೆ ಮಿಸ್” ಎಂದು ಅವನು ಕೈ ಚಾಚಿ ತೋರಿಸಿದ ಮೇಲೆ, ಮನುಷ್ಯನ ಸಣ್ಣ ಕರುಳು ಸುಮಾರು 7.5 ಮೀಟರ್ ಉದ್ದ ಎಂಬ ಪುಸ್ತಕದ ಸಾಲಿಗೆ ಜೀವ ಬಂತು. ವಿಜ್ಞಾನದಲ್ಲಿ ಹಿಂದುಳಿದವನೆಂದು ನನ್ನ ಪಟ್ಟಿಯಲ್ಲಿದ್ದ ಹುಡುಗ ಅವನು.

ಧ್ವನಿ ತಗ್ಗುವ ಪದಗಳು

ನನ್ನ ಪಾಠ ಅವಲೋಕಿಸಿದ ಸಹಪಾಠಿ ವೀಕ್ಷಣಾ ಪುಸ್ತಕದಲ್ಲಿ ಒಂದು ಸಾಲು ಬರೆದಿದ್ದಳು: ‘ಗರ್ಭಕೋಶ ಎಂಬ ಪದ ಬಂದಾಗ ನಿನ್ನ ಧ್ವನಿ ಇಳಿಯಿತು.’ ನನಗೆ ಅದು ಗೊತ್ತೇ ಆಗಿರಲಿಲ್ಲ. ಮಕ್ಕಳಿಗೆ ಗೊತ್ತಾಗಿತ್ತು. ಯಾವ ಪದಕ್ಕೆ ಮಿಸ್‌ನ ಧ್ವನಿ ಇಳಿಯುತ್ತದೋ ಅದು ಹೇಳಬಾರದ ಪದ ಎಂದು ಅವರು ಪಾಠಕ್ಕಿಂತ ಬೇಗ ಕಲಿಯುತ್ತಾರೆ.

ಬೆಂಗಳೂರಿನ ಮನೆಗಳಲ್ಲಿ ಚಿಕ್ಕ ಮಕ್ಕಳಿಗೆ ಆ ಭಾಗಗಳಿಗೆ ‘ಶೇಮ್ ಶೇಮ್’ ಎನ್ನುವುದು ರೂಢಿ. ಮೂರು ವರ್ಷದ ಮಗುವಿಗೆ ತನ್ನ ದೇಹದ ಒಂದು ಭಾಗದ ಹೆಸರೇ ನಾಚಿಕೆ. ದೊಡ್ಡವರಾದ ಮೇಲೆ ಅದು ‘ಅಲ್ಲಿ’, ‘ಆ ಜಾಗ’, ‘ಕೆಳಗೆ’ ಆಗುತ್ತದೆ. ಮನೆಮಾತಿನಲ್ಲಿರುವ ಪದಗಳು ಬೈಗುಳದಲ್ಲಿ ಸವೆದುಹೋಗಿವೆ, ತರಗತಿಗೆ ತರಲಾಗದು. ಹೀಗಾಗಿ ಇದೊಂದು ಕಡೆ ಪುಸ್ತಕದ ಪದವೇ ಮಗುವಿಗೆ ಆಸರೆ. ಶಿಶ್ನ, ವೃಷಣ, ಯೋನಿ, ಸ್ತನ, ಗರ್ಭಕೋಶ, ಗುದದ್ವಾರ: ಇವು ಬೈಗುಳವಲ್ಲ, ಮುದ್ದುಮಾತಲ್ಲ, ಮೂತ್ರಪಿಂಡದಂತೆಯೇ ಹೆಸರುಗಳು. ಮೂತ್ರಪಿಂಡ ಎನ್ನುವ ಧ್ವನಿಯಲ್ಲೇ ಇವನ್ನೂ ಹೇಳುವುದನ್ನು ನಾವು ಅಭ್ಯಾಸ ಮಾಡಬೇಕು. ನಾನು ಮನೆಯಲ್ಲಿ ಕನ್ನಡಿಯ ಮುಂದೆ ನಿಂತು ಹೇಳಿ ಅಭ್ಯಾಸ ಮಾಡಿದೆ ಎಂದು ಹೇಳಿಕೊಳ್ಳಲು ಸಂಕೋಚವಿಲ್ಲ.

ಇದು ಕೇವಲ ಪಾಠದ ಅಚ್ಚುಕಟ್ಟಿನ ಪ್ರಶ್ನೆಯಲ್ಲ. 18 ವರ್ಷದೊಳಗಿನ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸಲು 2012ರ ಪೋಕ್ಸೊ ಕಾಯ್ದೆ ಇದೆ, ಮಕ್ಕಳ ಸಹಾಯವಾಣಿ 1098 ಇದೆ. ಆದರೆ ಯಾರು ಎಲ್ಲಿ ಮುಟ್ಟಿದರೆಂದು ಹೇಳಲು ಮಗುವಿನ ಬಾಯಲ್ಲಿ ಪದವಿರಬೇಕು. ‘ಹೊಟ್ಟೆನೋವು’ ಎಂದಷ್ಟೇ ಹೇಳಬಲ್ಲ ಮಗುವನ್ನು ನಾವು ತಿಂಡಿ ಏನು ತಿಂದೆ ಎಂದು ಕೇಳಿ ಕಳಿಸಿಬಿಡುತ್ತೇವೆ. ನಾನು ಹಾಗೆ ಮಾಡಿದ್ದೇನೆ.

ಎರಡನೆಯ ಸಲ ಕಲಿಸಿದ ಬಗೆ

ತರಗತಿ ಶಿಕ್ಷಕಿಯ ಅನುಮತಿ ಪಡೆದು ಮುಂದಿನ ವಾರ ಅದೇ ಪಾಠವನ್ನು ಇನ್ನೊಮ್ಮೆ ತೆಗೆದುಕೊಂಡೆ. ಕ್ರಮ ಹೀಗಿತ್ತು.

ಮೊದಲನೆಯದು, ಕೈಯಿಟ್ಟು ತೋರಿಸುವುದು. ಚಾರ್ಟ್ ತೆಗೆಯುವ ಮೊದಲೇ “ಜಠರ ಎಲ್ಲಿದೆ, ಕೈಯಿಡಿ” ಎಂದೆ. ಹೆಚ್ಚುಕಡಿಮೆ ಎಲ್ಲರ ಕೈಯೂ ಹೊಕ್ಕುಳಿನ ಮೇಲೆ ಹೋಯಿತು. ಜಠರ ಇರುವುದು ಅದಕ್ಕಿಂತ ಮೇಲೆ, ಎಡಕ್ಕೆ, ಪಕ್ಕೆಲುಬುಗಳ ಮರೆಗೆ. ಪಿತ್ತಜನಕಾಂಗ ಬಲಕ್ಕೆ. ಮೂತ್ರಪಿಂಡಗಳು ಹಿಂದೆ, ಬೆನ್ನಿನ ಕಡೆ. ಹೃದಯ ಎದೆಯ ನಡುವೆ, ತುಸು ಎಡಕ್ಕೆ ವಾಲಿಕೊಂಡು. ಇಷ್ಟು ತಪ್ಪು ತಿಳಿವಳಿಕೆ ಇದೆಯೆಂಬುದು ಬಾಯಿಪ್ರಶ್ನೆಯಲ್ಲಿ ಎಂದೂ ಹೊರಬರುತ್ತಿರಲಿಲ್ಲ.

ಎರಡನೆಯದು, ಮನೆಯ ಪದಗಳ ಸಂಗ್ರಹ. ಹಲಗೆಯ ಎಡಭಾಗದಲ್ಲಿ ಮಕ್ಕಳು ಹೇಳಿದ್ದನ್ನೆಲ್ಲ ಬರೆದೆ: ಹೊಟ್ಟೆ, ಹೊಟ್ಟಿ, ಕಿಬ್ಬೊಟ್ಟೆ, ಪಕ್ಕೆ, ಬೋಟಿ, ಡುಬ್ಬ, ಟೊಂಕ. ಯಾವುದನ್ನೂ ತಪ್ಪು ಎನ್ನಲಿಲ್ಲ.

ಮೂರನೆಯದು, ನಕ್ಷೆ. ಹಳೆಯ ಪತ್ರಿಕೆಗಳನ್ನು ಅಂಟಿಸಿ ಒಬ್ಬ ಹುಡುಗನನ್ನು ಅದರ ಮೇಲೆ ಮಲಗಿಸಿ ಸುತ್ತ ಗೆರೆ ಎಳೆದೆವು. ಮನೆಯ ಪದಗಳಿಗೆ ಆ ಆಕೃತಿಯ ಮೇಲೆ ಪ್ರದೇಶಗಳನ್ನು ಗುರುತಿಸಿ, ರಟ್ಟಿನಲ್ಲಿ ಕತ್ತರಿಸಿದ ಅಂಗಗಳನ್ನು ಆ ಪ್ರದೇಶದೊಳಗೆ ಅಂಟಿಸಿದೆವು. ಸಮಚಿಹ್ನೆಯ ಬದಲು ಈಗ ‘ಹೊಟ್ಟೆಯೊಳಗೆ ಏನೇನಿದೆ?’ ಎಂಬ ಪ್ರಶ್ನೆ. ಉತ್ತರವಾಗಿ ಜಠರ, ಸಣ್ಣ ಕರುಳು, ದೊಡ್ಡ ಕರುಳು, ಪಿತ್ತಜನಕಾಂಗ, ಮೂತ್ರಕೋಶ ಬಂದವು. ಗಂಡು ಹೆಣ್ಣು ಇಬ್ಬರಲ್ಲೂ ಎಲ್ಲವೂ ಒಂದೇ ಅಲ್ಲವೆಂದು ಹೇಳಿ, ಪಕ್ಕದಲ್ಲಿ ಇನ್ನೊಂದು ಆಕೃತಿ ಬರೆದು ಕಿಬ್ಬೊಟ್ಟೆಯಲ್ಲಿ ಗರ್ಭಕೋಶವನ್ನು ಅಂಟಿಸಲು ಹೇಳಿದೆ.

ಅದನ್ನು ಅಂಟಿಸಲು ಎದ್ದು ಬಂದವನು ಮೂರನೆಯ ಬೆಂಚಿನ ಹುಡುಗ. ಜಠರಕ್ಕೂ ಗರ್ಭಕೋಶಕ್ಕೂ ನಡುವಿನ ಜಾಗವನ್ನು ಬೆರಳಿನಿಂದ ಅಳೆದು, “ಇದರಿಂದ ಅದಕ್ಕೆ ದಾರಿ ಇಲ್ವಾ ಮಿಸ್?” ಎಂದ. ಇಲ್ಲ, ಗರ್ಭಕೋಶಕ್ಕೆ ತನ್ನದೇ ದಪ್ಪನೆಯ ಸ್ನಾಯುವಿನ ಗೋಡೆಯಿದೆ, ಜಠರದ ಆಮ್ಲ ಅಲ್ಲಿಗೆ ಹೋಗುವುದಿಲ್ಲ ಎಂದೆ. ಹಾಗಾದರೆ ಪಾಪು ಊಟ ಹೇಗೆ ಮಾಡುತ್ತದೆ ಎಂದು ಕೇಳಿದ. ಅಮ್ಮ ತಿಂದದ್ದು ಜೀರ್ಣವಾಗಿ ರಕ್ತಕ್ಕೆ ಸೇರಿ, ಜರಾಯುವಿನ ಮೂಲಕ ಹೊಕ್ಕುಳಬಳ್ಳಿಗೆ ಬಂದು ಪಾಪುವಿಗೆ ತಲುಪುತ್ತದೆ ಎಂದೆ. ಹೊಕ್ಕುಳಬಳ್ಳಿ ಎಂದ ಕೂಡಲೇ ಅವನ ಕೈ ತನ್ನ ಹೊಕ್ಕುಳಿಗೆ ಹೋಯಿತು. ನಾನು ವಿವರಿಸುವುದು ಇನ್ನೇನೂ ಉಳಿದಿರಲಿಲ್ಲ.

ನಾಲ್ಕನೆಯದು, ವೈದ್ಯರ ಮುಂದಿನ ವಾಕ್ಯ. ಇಬ್ಬಿಬ್ಬರನ್ನು ಜೋಡಿ ಮಾಡಿ ಒಬ್ಬರು ವೈದ್ಯರು, ಒಬ್ಬರು ರೋಗಿ ಎಂದು ಅಭಿನಯಿಸಲು ಹೇಳಿದೆ. ನೋವು ಎಲ್ಲಿ, ಯಾವಾಗಿನಿಂದ, ಹೇಗೆ ಎಂಬ ಮೂರೂ ಬರಬೇಕು. ‘ಹೇಗೆ’ ಎಂಬುದಕ್ಕೆ ಮಕ್ಕಳೇ ಪದ ತಂದರು: ಚುಚ್ಚುತ್ತದೆ, ಹಿಂಡುತ್ತದೆ, ಉರಿಯುತ್ತದೆ, ಸೆಳೆಯುತ್ತದೆ, ಸಿಡಿಯುತ್ತದೆ, ಹಿಡಿದುಕೊಂಡಿದೆ. ಅಪೆಂಡಿಕ್ಸ್ ಊದಿಕೊಂಡಾಗ ನೋವು ಹಲವರಲ್ಲಿ ಹೊಕ್ಕುಳಿನ ಸುತ್ತ ಶುರುವಾಗಿ ಆಮೇಲೆ ಬಲಗಡೆಯ ಕಿಬ್ಬೊಟ್ಟೆಗೆ ಇಳಿಯುತ್ತದೆ, ಅದನ್ನು ರೋಗಿ ಹೇಳಿದರೆ ವೈದ್ಯರಿಗೆ ಅರ್ಧ ಕೆಲಸ ಆದಂತೆ ಎಂದು ಉದಾಹರಣೆ ಕೊಟ್ಟೆ. ಡುಬ್ಬದ ಹುಡುಗ ವೈದ್ಯನ ಪಾತ್ರ ಕೇಳಿ ಪಡೆದ.

ಸಹಪಾಠಿಗಳಿಗೆ

ಈ ಕ್ರಮಕ್ಕೆ 40 ನಿಮಿಷ ಸಾಲುವುದಿಲ್ಲ, ಎರಡು ಪೀರಿಯಡ್ ಬೇಕು. ಗದ್ದಲವೂ ಆಗುತ್ತದೆ. ಆದರೂ ಪಾಠಯೋಜನೆ ಬರೆಯುವಾಗ ಪ್ರತಿ ಪಾರಿಭಾಷಿಕ ಪದದ ಎದುರು ಎರಡು ಪ್ರಶ್ನೆ ಬರೆದುಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ. ಇದಕ್ಕೆ ಹತ್ತಿರದ ಮನೆಮಾತು ಯಾವುದು? ಅದರ ಗಡಿ ಇದರ ಗಡಿಗಿಂತ ದೊಡ್ಡದೋ ಚಿಕ್ಕದೋ? ಇಷ್ಟು ಬರೆದರೆ ಸಮಚಿಹ್ನೆ ಹಾಕಲು ಕೈ ಬರುವುದಿಲ್ಲ.

ಉಳಿದಿರುವ ಒಂದು ಪ್ರಶ್ನೆಯನ್ನು ಅಧ್ಯಾಪಕರ ಮುಂದಿಡುತ್ತೇನೆ. ರಕ್ತವನ್ನು ದೇಹಕ್ಕೆಲ್ಲ ಒತ್ತುವ ಅಂಗ ಯಾವುದು ಎಂಬ ಪ್ರಶ್ನೆಗೆ ಒಬ್ಬ ವಿದ್ಯಾರ್ಥಿ ‘ಗುಂಡಿಗೆ’ ಎಂದು ಬರೆದಿದ್ದ. ಅಚ್ಚಗನ್ನಡದ ಸರಿಯಾದ ಪದ. ನಾನು ಪೂರ್ಣ ಅಂಕ ಕೊಟ್ಟು, ಪಕ್ಕದಲ್ಲಿ ‘ಹೃದಯ ಎಂದೂ ಬರೆಯಲು ಕಲಿ’ ಎಂದು ಬರೆದೆ. ಪಬ್ಲಿಕ್ ಪರೀಕ್ಷೆಯಲ್ಲಿ ಮೌಲ್ಯಮಾಪಕರು ಏನು ಮಾಡಬೇಕು? ಈ ಬಗ್ಗೆ ನಮ್ಮ ವಿಷಯ ಸಂಘದಲ್ಲಿ ಒಂದು ಚರ್ಚೆ ನಡೆದರೆ ಮುಂದಿನ ತಂಡದವರಿಗೆ ಉಪಯೋಗವಾದೀತು.

ಬೋಧನಾಭ್ಯಾಸದ ಕೊನೆಯ ದಿನ ಆ ಹುಡುಗಿ ಮತ್ತೆ ನನ್ನ ಮೇಜಿನ ಹತ್ತಿರ ಬಂದಳು. “ಮಿಸ್, ಕಿಬ್ಬೊಟ್ಟೆ ನೋವು. ಸ್ವಲ್ಪ ಹೊತ್ತು ಮಲಗ್ಲಾ?” ಎಂದಳು. ಧ್ವನಿ ತಗ್ಗಿಸಿರಲಿಲ್ಲ. ತಿಂಡಿ ಏನು ತಿಂದೆ ಎಂದು ನಾನು ಕೇಳಲಿಲ್ಲ.